ಓರೆ ಮಾವನ ಪಕ್ಕದ ಸೀಟು

ಓರೆ ಮಾವ ಯಾವ ಬಾಗಿಲನ್ನೂ ಎದುರಾಗಿ ಹೊಕ್ಕವರಲ್ಲ. ಹೊಸ್ತಿಲು ಸಮೀಪಿಸುತ್ತಿದ್ದಂತೆ ಅವರ ಹೆಜ್ಜೆ ತಾನಾಗಿಯೇ ಕಿರಿದಾಗುತ್ತದೆ, ಎಡಭುಜ ಮುಂದಾಗುತ್ತದೆ, ಎರಡು ಕೈಗಳೂ ಮೈಯಿಂದ ತುಸು ದೂರ ಸರಿದು ಒಂದು ಮೇಲೆ, ಒಂದು ಕೆಳಗೆ ನಿಲ್ಲುತ್ತವೆ. ಕಣ್ಣಿಗೆ ಕಾಣದ ದೊಡ್ಡದೊಂದು ಹಾಳೆಯನ್ನು ಎದೆಗೆ ಆನಿಸಿಕೊಂಡವರಂತೆ ಅವರು ಮಗ್ಗುಲಾಗಿ ಒಳಗೆ ಬರುತ್ತಾರೆ. ಹರೆಯದಿಂದ ಇಲ್ಲಿಯತನಕ ಕಿಟಕಿಗಾಜು ಕತ್ತರಿಸಿ, ಹೊತ್ತು, ಕೂರಿಸುತ್ತ ಬಂದ ಮೈಗೆ ಬರಿಗೈಯಲ್ಲಿ ನಡೆಯುವುದು ಮರೆತೇಹೋಗಿದೆ. ಮದುವೆಮನೆಗೆ ಹೋದರೂ ಹಾಗೆಯೇ, ಆಸ್ಪತ್ರೆಗೆ ಹೋದರೂ ಹಾಗೆಯೇ. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನೊಬ್ಬ ಈ ಪರಿಯನ್ನು ಕಂಡು, ಇವರು ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬರುತ್ತಿದ್ದಾರೆಂದು ಬಗೆದು ತಡೆದು ನಿಲ್ಲಿಸಿದ್ದೂ ಉಂಟು. ನಮ್ಮ ಬೀದಿಯ ಮಕ್ಕಳು ಇಟ್ಟ ಹೆಸರು ಓರೆ ಮಾವ. ಅದು ಮೆಲ್ಲಗೆ ದೊಡ್ಡವರ ಬಾಯಿಗೂ ಹತ್ತಿ, ಕೊನೆಗೆ ಅವರ ಅಂಗಡಿಗೆ ಬರುವ ಗಿರಾಕಿಗಳೂ ಅದೇ ಹೆಸರಿನಲ್ಲಿ ವಿಚಾರಿಸುವಂತಾಯಿತು.

ಕೋಟು ಎಂದೆನಲ್ಲ, ಅದೂ ಒಂದು ನೋಡತಕ್ಕ ವಸ್ತು. ದಪ್ಪ ಕ್ಯಾನ್ವಾಸಿನದು, ಬಿಸಿಲಿರಲಿ ಚಳಿಯಿರಲಿ ಅವರ ಮೈಬಿಟ್ಟು ಇಳಿಯದ್ದು. ಭುಜದ ಮೇಲೆ ಕಂಬಳಿಯ ತುಂಡು ಹೊಲಿದಿದೆ, ಗಾಜಿನ ಅಂಚು ಊರಲೆಂದು. ಬಲಜೇಬಿನಲ್ಲಿ ತುದಿಗೆ ವಜ್ರದ ಚೂರಿರುವ ಕೊರೆಯುವ ಕಡ್ಡಿ, ಎಡಜೇಬಿನಲ್ಲಿ ಸೀಮೆಸುಣ್ಣ. ಇನ್ನು ಮಾತಿನಲ್ಲಿ ಅವರಿಗೊಂದು ಅಳತೆಯಿದೆ, ಅದು ಕೂದಲು. ಚಹಾ ಹೇಗಿದೆ ಎಂದರೆ "ಸಕ್ಕರೆ ಒಂದು ಕೂದಲು ಮುಂದಾಯ್ತು" ಎನ್ನುತ್ತಾರೆ. ಜ್ವರ ಬಂದವರನ್ನು ನೋಡಲು ಹೋಗಿ, ಹಣೆ ಮುಟ್ಟಿ, "ನಿನ್ನೆಗಿಂತ ಒಂದು ಕೂದಲು ವಾಸಿ" ಎಂದು ಹೇಳಿ ಮಗ್ಗುಲಾಗಿ ಹೊರಬರುತ್ತಾರೆ. ಪಕ್ಕದ ಅಂಗಡಿಯ ಬಡಗಿ ಅವರ ಓರಗೆಯವರು. ಚೌಕಟ್ಟು ಇವರದು, ಗಾಜು ಅವರದು ಎಂಬಂತೆ ಜೊತೆಯಾಗಿ ಮುಪ್ಪಾದವರು. "ಅಲ್ಲಯ್ಯಾ, ನಿನ್ನ ತಲೆಯಲ್ಲಿ ಉಳಿದಿರೋದೇ ನಾಲ್ಕು ಕೂದಲು, ಅದನ್ನೂ ಹೀಗೆ ಅಳತೆಗೆ ಕೊಟ್ಟು ಮುಗಿಸ್ತೀಯಲ್ಲ" ಎಂದು ಬಡಗಿ ರೇಗಿಸದ ದಿನವಿಲ್ಲ.

ಮಾವನ ಮೊಂಡುತನಗಳಲ್ಲಿ ಮೇಲಾದದ್ದು ಗುಣಾಕಾರದ ಗುರುತು. ಹೊಸ ಗಾಜು ಕೂರಿಸಿದ ಮೇಲೆ ಅದರ ಮೇಲೆ ಸೀಮೆಸುಣ್ಣದಿಂದ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯುತ್ತಾರೆ. ಗಾಜಿನವರೆಲ್ಲ ಮಾಡುವುದೇ ಅದು. ಅಲ್ಲಿ ಗಾಜಿದೆ ಎಂದು ತಿಳಿಯದೆ ಯಾರೂ ಹಾಯ್ದು ಮುಖ ಒಡೆದುಕೊಳ್ಳಬಾರದಷ್ಟೆ. ಆದರೆ ಉಳಿದವರು ಗೆರೆ ಎಳೆದು ಹೊರಟುಬಿಡುತ್ತಾರೆ; ಇವರು ಮನೆಯ ಪ್ರತಿಯೊಬ್ಬರೂ ಬಂದು ಆ ಗುರುತನ್ನು ಕಣ್ಣಾರೆ ಕಾಣುವ ತನಕ ಜಾಗ ಬಿಡುವುದಿಲ್ಲ. ಒಮ್ಮೆ ಒಂದು ಮನೆಯ ಹಿತ್ತಲ ಬಾಗಿಲಿಗೆ ದೊಡ್ಡ ಗಾಜು ಕೂರಿಸಿದರು. ಆ ಮನೆಯ ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. "ಅಜ್ಜಿ ಎದ್ದ ಮೇಲೆ ನಾವೇ ಹೇಳ್ತೀವಿ, ನೀವು ಹೊರಡಿ" ಎಂದಳು ಮನೆಯಾಕೆ. "ಹೇಳಿದ್ರೆ ಸಾಲದಮ್ಮ, ಅವರು ನೋಡ್ಬೇಕು" ಎಂದು ಮಾವ ಮೆಟ್ಟಿಲ ಮೇಲೆ ಕೂತರು. ಅಜ್ಜಿ ಎದ್ದು, ಕನ್ನಡಕ ಹುಡುಕಿ, ಬಂದು ನೋಡಿ, "ಯಾರಯ್ಯಾ ಇದು, ನನ್ನ ಬಾಗಿಲಿಗೆ ಮೇಷ್ಟ್ರ ಹಾಗೆ ತಪ್ಪು ಅಂತ ಗೀಚಿದವನು?" ಎಂದು ಗದರಿದ ಮೇಲೆಯೇ ಅವರಿಗೆ ಸಮಾಧಾನ. ಆಮೇಲೆ ನಾಯಿಯನ್ನೂ ಕರೆಸಿ ತೋರಿಸಿದರೆಂದು ಬಡಗಿ ಸೇರಿಸುತ್ತಾರೆ. ಅದು ಅವರ ಒಗ್ಗರಣೆ ಇದ್ದೀತು.

ಕಾಣದೆ ಇರುವುದೇ ಗಾಜಿನ ಗುಣ, ಕಾಣದೆ ಇರುವುದೇ ಅದರ ಗಂಡಾಂತರ. ಅದನ್ನು ಊರಿಗೆಲ್ಲ ಸಾರುತ್ತ ಬಂದ ಇದೇ ಮನುಷ್ಯ, ತನಗೆಂದು ಹೊತ್ತಿದ ಎಚ್ಚರಿಕೆಯೊಂದನ್ನು ತನ್ನ ಹೆಬ್ಬೆರಳಿನಿಂದಲೇ ಮುಚ್ಚಿದ್ದರು. ಇದು ನಾನು ಕದ್ದು ಕೇಳಿದ ಮಾತಲ್ಲ, ಅವರೇ ನಾಲ್ಕು ಜನರ ಮುಂದೆ ಆಡಿದ್ದು.

ಆಗ ಅವರ ಹೆಂಡತಿ ಇದ್ದರು. ಅಂಗಡಿಯ ಮೂಲೆಯಲ್ಲಿ ಪುಟ್ಟಿಯ ಡಬ್ಬವೂ ಇತ್ತು. ಪುಟ್ಟಿ ಎಂದರೆ ಎಣ್ಣೆ ಹಾಕಿ ಕಲಸಿದ, ಕಣಕದಂಥ ಮೆತ್ತಗಿನ ಸುಣ್ಣದ ಹಿಟ್ಟು. ಕಿಟಕಿಯ ಚೌಕಟ್ಟಿಗೂ ಗಾಜಿಗೂ ನಡುವೆ ಅದನ್ನು ಮೆತ್ತಿ, ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ಸವರಿದರೆ ಗಾಳಿ ನೀರು ಒಳಗೆ ನುಸುಳುವುದಿಲ್ಲ. ಆ ಕೆಲಸದಲ್ಲಿ ಬೆಳೆದವರಿಗೆ ಲೋಕದಲ್ಲಿ ಎಲ್ಲಿ ಸಂದು ಕಂಡರೂ ಬೆರಳು ತುರಿಸುತ್ತದೆ. ಗೋಡೆಯ ಮೊಳೆತೂತಿಗೆ ಪುಟ್ಟಿ, ಅಲ್ಲಾಡುವ ಮೇಜಿನ ಕಾಲಿಗೆ ಪುಟ್ಟಿ, ಬೀಗದ ಕಿಂಡಿಯಿಂದ ಚಳಿಗಾಳಿ ಬಂದರೆ ಅದಕ್ಕೂ ಪುಟ್ಟಿ. "ನಾನು ಜಾಸ್ತಿ ಮಾತಾಡ್ತೀನಿ ಅಂತ ನನ್ನ ಬಾಯಿಗೂ ಒಂದು ಉಂಡೆ ಮೆತ್ತಿಬಿಡಿ" ಎಂದು ಹೆಂಡತಿ ನಗುತ್ತಿದ್ದರು. ಆಗ ಅವರಿಗಿದ್ದ ಹಳೆಯ ಲಾರಿಯ ಮುಂಗಡೆ, ಗಡಿಯಾರದಂಥ ಮಾಪಕಗಳ ನಡುವೆ ಬ್ರೇಕಿನ ಕೆಂಪು ದೀಪ ಒಂದು ದಿನ ಹೊತ್ತಿಕೊಂಡಿತು. ಆರಲಿಲ್ಲ. ಬ್ರೇಕು ಹಿಡಿಯುತ್ತಲೇ ಇತ್ತು. ಕೆಲಸ ತಲೆಯ ಮೇಲಿತ್ತು. ಸಂಜೆಯ ಹೊತ್ತು ಆ ಕೆಂಪು ಕಣ್ಣಿಗೆ ಚುಚ್ಚುತ್ತಿತ್ತು. ಕೋಟಿಗೆ ಅಂಟಿದ್ದ ಪುಟ್ಟಿಯ ಚೂರನ್ನು ತೆಗೆದು ಮಾವ ಆ ದೀಪದ ಮೇಲೆ ಒತ್ತಿ, ಹೆಬ್ಬೆರಳಿನಿಂದ ಸವರಿದರು. ಇಬ್ಬರ ನಡುವೆ ಕೂತಿದ್ದ, ಶಾಲೆಗೆ ಹೋಗುವ ಮಗಳು ಕೇಳಿದಳು: "ಅದು ಯಾಕಪ್ಪ ಉರೀತಿತ್ತು?" "ಸುಮ್ಮನೆ ಉರೀತದೆ ಮಗಳೇ, ಹಳೇ ಲಾರಿ" ಎಂದರು ಮಾವ.

ಅದಾದ ಕೆಲವೇ ದಿನಗಳಲ್ಲಿ ಒಂದು ಇಳಿಜಾರಿನಲ್ಲಿ ಬ್ರೇಕಿನ ಪೆಡಲು ನೆಲಕ್ಕೆ ಹೋಗಿ ಅಲ್ಲಿಯೇ ಉಳಿಯಿತು. ಲಾರಿ ತಿರುವಿನ ಕಲ್ಲುಗೋಡೆಗೆ ಬಡಿಯಿತು. ಗೋಡೆಯ ಕಡೆಗೆ ಕೂತಿದ್ದವರು ಹೆಂಡತಿ.

ದುಃಖ ಕೇಳಲು ಮನೆಗೆ ಬಂದವರೆಲ್ಲ ವಿಧಿಯನ್ನು ಬೈದರು, ರಸ್ತೆಯನ್ನು ಬೈದರು, ಲಾರಿಯನ್ನು ಬೈದರು. ಮಾವ ಎಲ್ಲವನ್ನೂ ಕೇಳಿ, ತಲೆ ಎತ್ತದೆ, "ಅದು ಹೇಳಿತ್ತು. ನಾನೇ ಅದರ ಬಾಯಿ ಮುಚ್ಚಿದೆ" ಎಂದರು. ಕೈಗೆ ಕಟ್ಟು ಹಾಕಿಸಿಕೊಂಡು ಒಳಬಾಗಿಲಲ್ಲಿ ನಿಂತಿದ್ದ ಮಗಳು ಅಪ್ಪನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅಂದಿನಿಂದ ಅವಳು ಅಪ್ಪನನ್ನು "ನೀನು" ಎನ್ನುವುದನ್ನು ಬಿಟ್ಟು "ನೀವು" ಎನ್ನತೊಡಗಿದಳು. ಅದು ಗೌರವವಲ್ಲವೆಂದು ಮಾವನಿಗೆ ಗೊತ್ತಿತ್ತು. ಅಂಗಡಿಯ ಮೂಲೆಯಿಂದ ಪುಟ್ಟಿಯ ಡಬ್ಬ ಕಾಣೆಯಾಯಿತು. ಗಾಜು ಕೂರಿಸಲು ಅದರ ಬದಲಿಗೆ ರಬ್ಬರಿನ ಪಟ್ಟಿ ಬಂತು.

ಬಹಳ ಕಾಲ ಅವರು ಗಾಜನ್ನು ಕೈಗಾಡಿಯಲ್ಲೇ ತಳ್ಳಿದರು. ಕೊನೆಗೊಮ್ಮೆ ಸಣ್ಣದೊಂದು ಲಾರಿ ಕೊಂಡರು, ಅದೂ ಇನ್ನೊಬ್ಬರು ಓಡಿಸಿದ್ದು. ಅದರ ಎಂಜಿನ್ನು ನೋಡಲಿಲ್ಲ, ಟೈರು ಒದ್ದು ನೋಡಲಿಲ್ಲ. "ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇದೆಯಾ?" ಎಂದಷ್ಟೇ ಕೇಳಿದರಂತೆ. ಲಾರಿ ಎಲ್ಲಿಗಾದರೂ ಬಡಿದರೆ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ಕೂತವರ ಎದೆ ತಲೆಗಳನ್ನು ತಡೆಯುವ ಗಾಳಿಚೀಲವದು. ಇದೆ ಎಂದರು. ಕೊಂಡರು. ಆದರೆ ಯಾರಿಗಾಗಿ ಆ ಚೀಲವನ್ನು ಹುಡುಕಿ ತಂದರೋ ಅವಳು ಆ ಲಾರಿಯನ್ನು ಹತ್ತಲಿಲ್ಲ.

ಹತ್ತಲಿಲ್ಲವೆಂದರೆ ಅಪ್ಪನನ್ನು ಬಿಟ್ಟುಹೋದಳೆಂದಲ್ಲ. ಓದು ಮುಗಿಸಿ ಅಂಗಡಿಗೇ ಬಂದಳು, ಕಡ್ಡಿ ಹಿಡಿದು ಗಾಜು ಕೊರೆಯಲು ಕಲಿತಳು, ಅಪ್ಪನ ಕಣ್ಣಿಗೆ ಟೇಪಿನ ಸಣ್ಣ ಗೆರೆಗಳು ಕಾಣದಾದಾಗ ಅಳತೆಯ ಕೆಲಸವೆಲ್ಲ ಅವಳದಾಯಿತು. ಎಲ್ಲಿಗೆ ಹೋಗಬೇಕಾದರೂ ಮುಂದೆ ಗಾಜು ಹೇರಿಕೊಂಡು ಮಾವನ ಲಾರಿ, ಹಿಂದೆ ತನ್ನ ಸ್ಕೂಟರಿನಲ್ಲಿ ಮಗಳು. "ಮಂತ್ರಿಗಳಿಗೆ ಬೆಂಗಾವಲು ಮುಂದೆ ಹೋಗುತ್ತೆ, ನಿನಗೆ ಮಾತ್ರ ಹಿಂದೆ ಬರುತ್ತೆ ನೋಡು" ಎಂದು ಬಡಗಿ ನಗಿಸಲು ನೋಡುತ್ತಿದ್ದರು. ಮಾವ ನಗುತ್ತಿದ್ದರು, ಒಂದು ಕೂದಲು ಕಡಿಮೆಯೇ.

ಖಾಲಿ ಸೀಟನ್ನು ನೋಡುತ್ತ ಓಡಿಸುವುದು ಅವರಿಂದ ಆಗಲಿಲ್ಲ. ಲಾರಿಯ ಹಿಂಬದಿಯಲ್ಲಿ ಗಾಜು ಆನಿಸುವ ಚೌಕಟ್ಟಿಗೆ ನಿಲ್ಲದ ಸಣ್ಣ ಕನ್ನಡಿಗಳಿಗೆ ಬೆನ್ನಿಗೂ ಅಂಚಿಗೂ ಕಂಬಳಿ ಕೊಟ್ಟು, ಆ ಸೀಟಿನ ಮೇಲೆ ನಿಲ್ಲಿಸಿ, ಬೆಲ್ಟು ಬಿಗಿದು ಒಯ್ಯತೊಡಗಿದರು. ಚೀಲವೇನಾದರೂ ಕನ್ನಡಿಯ ಮೇಲೆ ಉಬ್ಬಿದರೆ ಚೂರುಗಳು ಗುಂಡಿನಂತೆ ಹಾರುತ್ತವಷ್ಟೆ. ಅದಕ್ಕೆಂದು ಆ ಬದಿಯ ಚೀಲವನ್ನು ಮಾತ್ರ ಬಂದ್ ಮಾಡುವ ಸಣ್ಣ ಸ್ವಿಚ್ಚೊಂದು ಲಾರಿಯಲ್ಲಿತ್ತು. ಬಂದ್ ಮಾಡಿದರೆ ಸ್ವಿಚ್ಚಿನ ಪಕ್ಕ ಹಳದಿ ದೀಪವೊಂದು ಉರಿಯುತ್ತದೆ: ಈ ಸೀಟಿಗೆ ಈಗ ಕಾವಲಿಲ್ಲ ಎಂದು ಹೇಳುವ ದೀಪ. ಲಾರಿ ಓಡಿದಷ್ಟು ಹೊತ್ತೂ, ವರ್ಷದಿಂದ ವರ್ಷಕ್ಕೆ, ಅದು ಉರಿದೇ ಉರಿಯಿತು.

ಹೀಗಿರಲು, ಆ ವರ್ಷದ ಆಲಿಕಲ್ಲಿನ ಮಳೆ ಬಂತು. ಬೆಟ್ಟದ ಮೇಲಿನ ಶಾಲೆಯೊಂದರ ಕಿಟಕಿಗಳೆಲ್ಲ ಪುಡಿಯಾದವು. ಮುಖ್ಯೋಪಾಧ್ಯಾಯಿನಿ ಫೋನು ಮಾಡಿ, ಮಕ್ಕಳು ರಟ್ಟು ಅಡ್ಡವಿಟ್ಟುಕೊಂಡು ನಡುಗುತ್ತ ಕೂತಿದ್ದಾರೆಂದರು. ಅಳತೆಗೆ ಮಗಳು ಬರಲೇಬೇಕು. ಬಸ್ಸು ಬೆಟ್ಟದ ಬುಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಅವಳ ಸ್ಕೂಟರು ಏದುಸಿರು ಬಿಡುತ್ತ ಹತ್ತಿದರೂ ಇಳಿಯುವಾಗ ದೇವರೇ ಗತಿ. ಮೂರನೆಯ ದಿನ ಮಗಳು ಗಾಜು ಕೊರೆಯುತ್ತಲೇ, ತಲೆ ಎತ್ತದೆ, "ಲಾರೀಲೇ ಬರ್ತೀನಿ" ಎಂದಳು.

ಮಾವ ಕೇಳಿಸಿಕೊಂಡರು. ಹೊರಗೆ ಬಂದು, ಲಾರಿಯ ಸುತ್ತ ಒಂದು ಸುತ್ತು ಬಂದು, ಎಂಜಿನ್ನಿನ ಎಣ್ಣೆ ನೋಡಿ, ಬ್ರೇಕಿನ ಎಣ್ಣೆ ನೋಡಿ, ಮತ್ತೊಮ್ಮೆ ನೋಡಿ, ಒಳಗೆ ಕೂತು ಕೀಲಿ ತಿರುಗಿಸಿದರು. ಮಾಪಕಗಳ ನಡುವೆ ಕೆಂಪು ದೀಪವೊಂದು ಮಿನುಗತೊಡಗಿತು. ಅದರೊಳಗಿನ ಚಿತ್ರದಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ಮನುಷ್ಯ, ಅವನ ಮುಂದೆ ಉಬ್ಬಿದ ಒಂದು ದುಂಡು: ಏರ್‌ಬ್ಯಾಗಿನ ಎಚ್ಚರಿಕೆ. ಮಿನುಗುವುದು, ಒಂದು ಗಳಿಗೆ ಸುಮ್ಮನಾಗುವುದು, ಮತ್ತೆ ಮಿನುಗುವುದು. ಏನನ್ನೋ ಹೇಳಿ, ಅರ್ಥವಾಯಿತೇ ಎಂದು ಕಾದು, ಮತ್ತೆ ಹೇಳುವವರ ಹಾಗೆ. ಅದುವರೆಗೆ ಎಂದೂ ಹೀಗಾಗಿರಲಿಲ್ಲ. ಅವರ ಕೈ ಸ್ಟಿಯರಿಂಗ್ ಚಕ್ರದ ಮೇಲೆ ಹಾಗೆಯೇ ಉಳಿಯಿತು. ತಲೆ ಎತ್ತಿದರೆ ಅಂಗಡಿಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅಪ್ಪನ ಮುಖದ ಮೇಲೆ ಕೆಂಪು ಬಂದು ಹೋಗುವುದು ಅವಳಿಗೆ ಕಾಣಿಸಿತ್ತು.

"ಏನದು?" ಎಂದಳು.

ಮಾವ ಸುಳ್ಳು ಹೇಳಲಿಲ್ಲ. "ಚೀಲದ್ದು."

"ಅದು ಆರಲಿ, ಆಮೇಲೆ ಕೂರ್ತೀನಿ" ಎಂದಳು ಮಗಳು. ಒಳಗೆ ಹೋದವಳು ಮತ್ತೆ ತಿರುಗಿ ಬಂದು, "ಹೇಗೆ ಆರುತ್ತೆ ಅಂತ ನಾನು ನೋಡ್ತಿರ್ತೀನಿ" ಎಂದಳು.

ಬೀದಿಯ ತುದಿಯಲ್ಲಿ ಮೆಕ್ಯಾನಿಕ್ ಹುಡುಗನ ಶೆಡ್ಡು. ಹುಡುಗನೆಂದರೂ ಎರಡು ಮಕ್ಕಳ ತಂದೆ. ಕೆಟ್ಟವನಲ್ಲ, ಕೈತುಂಬ ಕೆಲಸವಿರುವವನು. ಲಾರಿ ನೋಡಿ, "ಚೀಲದ ತಂಟೆ ಅಂದ್ರೆ ಕಾರಣ ಎಲ್ಲಿ ಬೇಕಾದ್ರೂ ಇರಬಹುದು ಮಾವ. ಹಚ್ಚಿ ನೋಡೋ ಮಿಷನ್ನು ಊರಾಚೆ ದೊಡ್ಡ ಗ್ಯಾರೇಜಲ್ಲಿದೆ, ಅಲ್ಲಿ ಸರದಿ ಸಿಗೋಕೆ ವಾರಗಳಾಗುತ್ತೆ. ನಿಮಗೆ ಅರ್ಜೆಂಟಾ? ಆ ಕೆಂಪು ಬಲ್ಬನ್ನೇ ಕಿತ್ತುಬಿಡ್ತೀನಿ. ಎಲ್ಲರೂ ಹಾಗೇ ಓಡಿಸ್ತಾರೆ" ಎಂದ.

ಮಾವ ಹಿಂದಕ್ಕೆ ಸರಿದರು. ಬೆಂಕಿ ಮುಟ್ಟಿದವರಂತೆ ಕೈ ಕೋಟಿನೊಳಗೆ ಎಳೆದುಕೊಂಡರು. "ಬೇಡಪ್ಪ. ಅದು ಉರೀಲಿ" ಎಂದರು.

ಮರುದಿನ ಬೆಳಿಗ್ಗೆ, ಎಂಜಿನ್ನು ಚಾಲೂ ಇಟ್ಟು, ಯಾರದೋ ಬಚ್ಚಲಿನ ಕನ್ನಡಿಯೊಂದನ್ನು ಪಕ್ಕದ ಸೀಟಿಗೆ ಬಿಗಿಯುತ್ತಿದ್ದಾಗ ಅವರಿಗೆ ಏನೋ ಕೊರತೆ ಎನಿಸಿತು. ಗಾಜಿನ ಮನುಷ್ಯ ವಸ್ತುವನ್ನು ನೋಡುವುದು ಕಡಿಮೆ, ಅದರ ಬಿಂಬವನ್ನು ನೋಡುವುದು ಹೆಚ್ಚು. ಎಂಜಿನ್ನು ಓಡುತ್ತಿರುವಾಗ ಆ ಸೀಟಿನಲ್ಲಿ ಯಾವ ಕನ್ನಡಿ ಕೂತರೂ ಅದರ ಕೆಳಮೂಲೆಯಲ್ಲಿ ಹಳದಿ ಚುಕ್ಕೆಯೊಂದು ಕೂತಿರುತ್ತಿತ್ತು, ಕುಂಕುಮದ ಬೊಟ್ಟಿನಷ್ಟು. ಇಂದು ಕನ್ನಡಿಯಲ್ಲಿ ಅವರ ಮುಖವಿತ್ತು, ಬೀದಿಯಿತ್ತು, ಬಡಗಿಯ ಅಂಗಡಿಯ ಹಲಗೆಗಳಿದ್ದವು, ಚುಕ್ಕೆ ಇರಲಿಲ್ಲ. ಮಾವ ಸ್ವಿಚ್ಚಿಗೆ ಬಗ್ಗಿ ನೋಡಿದರು. ಬಂದ್ ಆಗಿಯೇ ಇದೆ. ಹಳದಿ ದೀಪ ಮಾತ್ರ ಸತ್ತಿದೆ. ಎದ್ದವರೇ ಶೆಡ್ಡಿಗೆ ನಡೆದರು. ಆ ದಿನ ಶೆಡ್ಡಿನ ಬಾಗಿಲನ್ನು ಎದುರಾಗಿಯೇ ಹೊಕ್ಕರೆಂದು ಮೆಕ್ಯಾನಿಕ್ ಈಗಲೂ ಆಣೆಯಿಟ್ಟು ಹೇಳುತ್ತಾನೆ.

"ಆ ಹಳದಿ ದೀಪ ಸತ್ತರೆ ಈ ಕೆಂಪುದೀಪ ಮಿನುಗುತ್ತೇನಪ್ಪ?"

ಹುಡುಗ ಒಂದು ಕ್ಷಣ ಯೋಚಿಸಿ ಹಣೆ ಚಚ್ಚಿಕೊಂಡ. "ಅಯ್ಯೋ, ಹೌದಲ್ವಾ! ಚೀಲ ಬಂದ್ ಆಗಿದೆ ಅಂತ ಹೇಳೋ ದೀಪವೇ ಹೋದ್ರೆ, ಕೂತವರಿಗೆ ಗೊತ್ತಾಗೋದು ಹೇಗೆ? ಅದಕ್ಕೇ ದೊಡ್ಡದು ಬಡ್ಕೊಳ್ತಿದೆ. ಒಂದು ಬಲ್ಬಿನ ಕೆಲಸ ಮಾವ, ತನ್ನಿ, ನಾನೇ ಹಾಕ್ಕೊಡ್ತೀನಿ."

"ಬಲ್ಬು ಕೊಡು. ಹಾಕೋದು ನಾನು."

"ಸರಿ, ಆದ್ರೆ ಮೊದ್ಲು ಬ್ಯಾಟರಿ ತಂತಿ ಬಿಚ್ಚಿ, ಸಾಕಷ್ಟು ಹೊತ್ತು ಹಾಗೇ ಬಿಡಿ. ಆತುರ ಮಾಡಿದ್ರೆ ಚೀಲ ನಿಮ್ಮ ಮುಖಕ್ಕೇ ಹೊಡೆಯುತ್ತೆ."

ಅಂಗಡಿಯ ಮುಂದೆ, ಹಗಲ ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ ಆ ಕೆಲಸ ನಡೆಯಿತು. ಒಳಗೆ ಮಗಳು ಗಾಜು ಕೊರೆಯುತ್ತಿದ್ದಳು. ಕಡ್ಡಿಯ ಕಿರ್ರೆನ್ನುವ ಸದ್ದು ಆಗಾಗ ನಿಂತು ಮತ್ತೆ ಹುಟ್ಟುತ್ತಿತ್ತು. ಮಾವ ಬ್ಯಾಟರಿಯ ತಂತಿ ಬಿಚ್ಚಿ, ಮೈಲಿಗಲ್ಲಿನಂತೆ ಕೂತರು. ಬಡಗಿ ಬಂದು ಚಹಾ ಕೊಟ್ಟು, "ಇನ್ನೂ ಎಷ್ಟು ಹೊತ್ತು ಕೂರ್ತೀಯಯ್ಯಾ, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?" ಎಂದರು. ಮಾವ ಸಾಕು ಎನಿಸಿದ ಮೇಲೂ ಒಂದಿಷ್ಟು ಕೂತು, ಆಮೇಲೆ ಎದ್ದು, ಸ್ವಿಚ್ಚಿನ ಸುತ್ತಲಿನ ಪಟ್ಟಿಯನ್ನು ಹಳೆಯ ಚೌಕಟ್ಟಿನಿಂದ ಬಿರುಕುಬಿಟ್ಟ ಗಾಜನ್ನು ಬಿಡಿಸುವ ನಾಜೂಕಿನಲ್ಲಿ, ಒಂದು ಮೂಲೆಯಿಂದ ಎಬ್ಬಿಸಿ ಬಿಡಿಸಿದರು. ಹಿಂಬದಿಯಲ್ಲಿ ಬಲ್ಬಿನ ಗೂಡು. ಅರ್ಧ ತಿರುವಿಗೆ ಈಚೆ ಬಂತು. ಅಕ್ಕಿಕಾಳಿನಷ್ಟು ಗಾತ್ರ, ಒಳಗೆಲ್ಲ ಕಪ್ಪಿಟ್ಟಿತ್ತು. ಅದನ್ನು ಅಂಗೈಯ ಮೇಲಿಟ್ಟುಕೊಂಡು ಮಾವ ತುಂಬ ಹೊತ್ತು ನೋಡಿದರು.

"ಇದು ಉರಿದದ್ದು ಯಾತಕ್ಕೆ ಗೊತ್ತಾ?" ಎಂದರು ಬಡಗಿಗೆ. "ಇಲ್ಲಿ ಯಾರೂ ಕೂತಿಲ್ಲ ಅಂತ. ಇಷ್ಟು ವರ್ಷ ಅದನ್ನೇ ಹೇಳ್ತಾ ಹೇಳ್ತಾ ಸತ್ತಿದೆ."

ಬಡಗಿ ಚಹಾದ ಲೋಟ ಎತ್ತಿಕೊಂಡು ತಮ್ಮ ಅಂಗಡಿಗೆ ಹೋದರು.

ಆಳೆತ್ತರದ ಗಾಜನ್ನು ಗಾಳಿಗೆದುರಾಗಿ ಒಯ್ದು ಒಂದು ಸೀಳೂ ಬಿಡದ ಆ ಕೈ, ಹೊಸ ಬಲ್ಬನ್ನು ಗೂಡಿಗೆ ತೂರಿಸುವಾಗ ಒಂದು ಕೂದಲು ಹೆಚ್ಚೇ ಅದುಮಿತು. ಕಿರಿದೊಂದು ಟಿಕ್ ಎಂಬ ಸದ್ದು. ಬೆರಳ ನಡುವೆ ಬಲ್ಬು ಪುಡಿಯಾಗಿತ್ತು. ಒಳಗಿನ ಕಡ್ಡಿಯ ಸದ್ದು ನಿಂತಿತು. ಗಾಜಿನವರ ಮನೆಯಲ್ಲಿ ಹುಟ್ಟಿದವಳಿಗೆ ಎಷ್ಟು ಸಣ್ಣ ಗಾಜು ಒಡೆದರೂ ಕೇಳಿಸುತ್ತದೆ. ಆದರೆ ಅವಳು ಹೊರಗೆ ಬರಲಿಲ್ಲ. ಮಾವ ಬೆರಳ ರಕ್ತ ಒರೆಸಿಕೊಂಡು, ಮತ್ತೆ ಶೆಡ್ಡಿಗೆ ಹೋಗಿ, ಮತ್ತೊಂದು ತಂದು, ಈ ಸಲ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಕೂರಿಸಿದರು. ಕೂತಿತು. ಗೂಡು ತಿರುಗಿಸಿದರು, ಪಟ್ಟಿ ಒತ್ತಿದರು, ಬ್ಯಾಟರಿಯ ತಂತಿ ಬಿಗಿದರು.

ಕೀಲಿ ತಿರುಗಿಸುವ ಮೊದಲು ಇನ್ನೊಂದು ಕೆಲಸವಿತ್ತು. ಪಕ್ಕದ ಸೀಟಿನ ಕನ್ನಡಿಯನ್ನು ಬಿಚ್ಚಿ ಒಳಗೆ ಒಯ್ದಿಟ್ಟರು, ಕಂಬಳಿ ಕೊಡವಿ ಮಡಿಸಿದರು. ಸೀಟಿನ ಹೊಲಿಗೆಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡ ಗಾಜಿನ ಹರಳುಗಳಿದ್ದವು. ಒದ್ದೆಬಟ್ಟೆಯಿಂದ ಒರೆಸಿ, ಬಿಸಿಲಿಗೆ ಓರೆಯಾಗಿ ತಲೆ ಹಿಡಿದು ಹೊಳಪು ಕಂಡಲ್ಲೆಲ್ಲ ಮತ್ತೆ ಒರೆಸಿ, ಕೊನೆಗೆ ತಮ್ಮ ಬರಿಯ ಅಂಗೈಯನ್ನು ಸೀಟಿನ ಮೇಲೆಲ್ಲ ಎಳೆದು ನೋಡಿದರು. ಚುಚ್ಚುವುದಾದರೆ ತಮಗೇ ಚುಚ್ಚಲಿ ಎಂದು. ಆಮೇಲೆ ಆ ಸಣ್ಣ ಸ್ವಿಚ್ಚನ್ನು ಚಾಲೂ ಕಡೆಗೆ ತಿರುಗಿಸಿದರು.

ಅಷ್ಟರಲ್ಲಿ ಮಗಳು ಬಂದು ಆ ಬದಿಯ ತೆರೆದ ಬಾಗಿಲಲ್ಲಿ ನಿಂತಿದ್ದಳು. ಹೆಗಲಿಗೆ ಟೇಪು, ಕೈಯಲ್ಲಿ ಕಡ್ಡಿ.

"ಕಿತ್ತಿರೋ, ಮುಚ್ಚಿದಿರೋ?" ಎಂದಳು.

ಇಂಥ ಪ್ರಶ್ನೆಗೆ ಬಾಯಲ್ಲಿ ಕೊಡುವ ಉತ್ತರಕ್ಕೆ ಬೆಲೆಯಿಲ್ಲವೆಂದು ಮಾವನಿಗೆ ಗೊತ್ತು. ಅವರು ಕೀಲಿ ತಿರುಗಿಸಿದರು. ಕೆಂಪು ದೀಪ ಹೊತ್ತಿತು. ಮಿನುಗಲಿಲ್ಲ, ನೆಟ್ಟಗೆ, ನಿಚ್ಚಳವಾಗಿ ಹೊತ್ತಿ ನಿಂತಿತು. ಬಡಗಿ ಹಲಗೆಯ ಮೇಲಿಟ್ಟ ಗರಗಸ ಅಲ್ಲಿಯೇ ನಿಂತಿತು. ದೀಪ ಒಂದು ದೀರ್ಘ ಉಸಿರಿನಷ್ಟು ಹೊತ್ತು ಹಾಗೆಯೇ ಉರಿದು, ಆಮೇಲೆ ತಾನಾಗಿ ಆರಿತು. ಕಿತ್ತ ದೀಪ ಹೊತ್ತುವುದಿಲ್ಲ, ಮುಚ್ಚಿದ ದೀಪ ಕಾಣುವುದಿಲ್ಲ. ಒಮ್ಮೆ ಹೊತ್ತಿ, ನಾನು ಎಚ್ಚರವಿದ್ದೇನೆ ಎಂದು ತೋರಿಸಿ, ಹೇಳುವುದೇನೂ ಇಲ್ಲವೆಂದು ಆರುವುದಿದೆಯಲ್ಲ, ಲಾರಿ ಸರಿಯಾಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ.

"ಇನ್ನೊಂದ್ಸಲ" ಎಂದಳು ಮಗಳು.

ಮಾವ ಕೀಲಿ ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ತಿರುಗಿಸಿದರು. ಹೊತ್ತಿತು. ಆರಿತು.

ಅವಳು ಬಗ್ಗಿ, ಸೀಟಿನ ಮೇಲೆ ಒಂದು ಮೊಣಕಾಲು ಊರಿ, ಕೈಚಾಚಿ ಮಾಪಕಗಳ ಮೇಲಿನ ಪಾರದರ್ಶಕ ಹೊದಿಕೆಯನ್ನು ಬೆರಳಿನಿಂದ ಸವರಿದಳು. ದೀಪವಿರುವ ಜಾಗದಲ್ಲಿ ಬೆರಳು ನಿಂತಿತು. ಅಂಟು, ಉಬ್ಬು, ಎಣ್ಣೆಯ ಜಿಡ್ಡು ಏನಾದರೂ ಇದೆಯೇ ಎಂದು ಉಗುರಿನಿಂದ ಕೆರೆದು ನೋಡಿದಳು. ಮಾವ ಚಕ್ರದ ಮೇಲಿನ ತಮ್ಮ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗಳ ಮುಂಗೈಯ ಹಳೆಯ ಗಾಯದ ಗೆರೆ ಅವರ ಕಣ್ಣಿಗೆ ಗೇಣು ದೂರದಲ್ಲಿತ್ತು. ಅವರು ಮುಖ ತಿರುಗಿಸಲಿಲ್ಲ.

"ಇನ್ನೊಂದ್ಸಲ."

ಹೊತ್ತಿತು. ಅವಳ ಬೆರಳಿನ ಕೆಳಗೇ ಹೊತ್ತಿ, ಉಗುರನ್ನು ಕೆಂಪಾಗಿಸಿ, ಆರಿತು.

"ಸರಿ, ಗಾಜು ಹೇರೋಣ" ಎಂದಳು.

ಬೆಟ್ಟ ಹತ್ತುವಾಗ ಅವಳ ಕಣ್ಣು ಮಾಪಕಗಳ ಮೇಲೆಯೇ ಇತ್ತು. ಶಾಲೆಯಲ್ಲಿ ಮೂರು ದಿನದ ಕೆಲಸವನ್ನು ಎರಡರಲ್ಲಿ ಮುಗಿಸಿದರು. ಪ್ರತಿ ಗಾಜಿಗೂ ಗುರುತು ಬಿತ್ತು, ಪ್ರತಿ ತರಗತಿಯೂ ಸಾಲಾಗಿ ಬಂದು ನೋಡಿತು. ಇಳಿಯುವಾಗ, ಇಳಿಜಾರು ಶುರುವಾಗುವ ತಿರುವಿನಲ್ಲಿ, ಅವಳು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿಲ್ಲಿಸಿ" ಎಂದಳು. ಮಾವ ರಸ್ತೆಯ ಬದಿಗೆ ನಿಲ್ಲಿಸಿದರು. ಎಂಜಿನ್ನು ಆರಿಸಿ, ಮತ್ತೆ ಕೀಲಿ ತಿರುಗಿಸಿ, ಕೆಂಪು ಹೊತ್ತಿ ಆರುವುದನ್ನು ಅವಳಿಗೆ ತೋರಿಸಿದರು. ಆಮೇಲೆ ಕೇಳದೆಯೇ ಬ್ರೇಕಿನ ಪೆಡಲನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ತೋರಿಸಿದರು. ಅವಳು ತಲೆಯಾಡಿಸಿದಳು. ಕೆಳಗಿನ ತಿರುವಿನಲ್ಲಿ ಇನ್ನೊಮ್ಮೆ ನಿಲ್ಲಿಸಿದಳು. ಹಿಂದೆ ಬರುತ್ತಿದ್ದ ವಾಹನದವರು ಹಾರನ್ನು ಒತ್ತಿ ಬೈದುಕೊಂಡು ಹೋದರು. ಮಾವ ಅವರ ಕಡೆ ಕೈಯೆತ್ತಿ ಕ್ಷಮೆ ಕೇಳಿ, ಮೊದಲಿನಷ್ಟೇ ನಿಧಾನವಾಗಿ ಎಲ್ಲವನ್ನೂ ಮತ್ತೆ ಮಾಡಿದರು.

ಈಗ ಸ್ಕೂಟರು ಅಂಗಡಿಯ ಹಿಂದೆ ಧೂಳು ತಿನ್ನುತ್ತದೆ. ಮಗಳು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಆದರೆ ಮೊದಲು ಕೀಲಿ ತಿರುಗಿಸುವವಳು ಅವಳೇ. ಮಾವ ಹೊರಗೆ, ಬಾಗಿಲ ಹತ್ತಿರ, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಕಾಯುತ್ತಾರೆ. ಅವಳು ನೋಡಿ, ಆಚೆಯ ಸೀಟಿಗೆ ಸರಿದ ಮೇಲೆ ಇವರು ಹತ್ತುತ್ತಾರೆ. "ಇಷ್ಟು ದಿನ ಆಯ್ತು, ಇನ್ನೂ ನಂಬಿಕೆ ಬರಲಿಲ್ವಾ ಅವಳಿಗೆ?" ಎಂದು ಬಡಗಿ ಒಮ್ಮೆ, ಗೆಳೆಯನ ಪರವಾಗಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. "ಬರೋದು ಬಿಡೋದು ಅವಳ ಇಷ್ಟ" ಎಂದರು ಮಾವ. "ನೋಡೋದಕ್ಕೆ ಬರ್ತಾಳಲ್ಲ."

ತಪ್ಪು ಮಾಡಿದ ಮನುಷ್ಯರಲ್ಲಿ ಹಲವು ಬಗೆ. ಮರೆಯುವವರಿದ್ದಾರೆ, ಮರೆಸುವವರಿದ್ದಾರೆ, ಅತ್ತು ಕಾಲಿಗೆ ಬಿದ್ದು, ಕ್ಷಮಿಸುವ ಭಾರವನ್ನೂ ನೊಂದವರ ತಲೆಯ ಮೇಲೆಯೇ ಹೇರಿ ತಾವು ಹಗುರಾಗುವವರಿದ್ದಾರೆ. ಓರೆ ಮಾವನಂಥವರು ಅಪರೂಪ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಯಾವ ಬೀದಿಯಲ್ಲಿ ಹುಡುಕಿದರೂ ಒಬ್ಬರಾದರೂ ಸಿಕ್ಕಾರು. ಅವರು ನಂಬು ಎಂದು ಕೇಳುವುದಿಲ್ಲ, ಸಾಕು ಎಂದೂ ಹೇಳುವುದಿಲ್ಲ. ತಮ್ಮನ್ನು ಪರೀಕ್ಷಿಸುವ ಬೆರಳನ್ನು ತಡೆಯುವುದಿಲ್ಲ. ಪ್ರತಿ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಹೊರಗೆ ನಿಂತು ಕಾಯುತ್ತಾರೆ, ನಿನ್ನೆಯ ಪರೀಕ್ಷೆ ಇಂದಿಗೆ ಸಲ್ಲದೆಂದು ತಾವಾಗಿಯೇ ಒಪ್ಪಿಕೊಂಡವರಂತೆ. ಕಳೆದುಹೋದವರು ಅದರಿಂದ ಮರಳುವುದಿಲ್ಲ. ಉಳಿದವರು ಮಾತ್ರ, ಒಂದು ದಿನದ ಮಟ್ಟಿಗೆ, ಪಕ್ಕದಲ್ಲಿ ಬಂದು ಕೂರುತ್ತಾರೆ.